ಹೊಗೆಗೆ ಬೆಲೆ ಕಟ್ಟಿದಾಗ

ಆಮ್ಲ ಮಳೆಯ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ನಾನು ಒಂದು ಚಿಕ್ಕ ಪ್ರಯೋಗ ಮಾಡಿ ತೋರಿಸುತ್ತೇನೆ. ಉದ್ದ ಹಿಡಿಕೆಯ ಚಮಚದಲ್ಲಿ ಚಿಟಿಕೆ ಗಂಧಕ ಹೊತ್ತಿಸಿ ಅನಿಲ ಜಾಡಿಯೊಳಗೆ ಇಳಿಸಿ ಮುಚ್ಚಿಬಿಡುವುದು. ನೀಲಿ ಜ್ವಾಲೆ ಆರಿದ ಮೇಲೆ ಒದ್ದೆ ಮಾಡಿದ ಕೆಂಪು ಗುಲಾಬಿ ಎಸಳೊಂದನ್ನು ಒಳಗೆ ಹಾಕಿದರೆ, ಸ್ವಲ್ಪ ಹೊತ್ತಿನಲ್ಲೇ ಅದರ ಬಣ್ಣ ಇಳಿದು ಬಿಳಿಚಿಕೊಳ್ಳುತ್ತದೆ. ನೀಲಿ ಲಿಟ್ಮಸ್ ಕಾಗದ ಕೆಂಪಾಗುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟಿದ್ದರೂ ಮೊದಲ ಬೆಂಚಿನವರು ಕೆಮ್ಮುತ್ತಾರೆ. ಗಂಧಕದ ಡೈಆಕ್ಸೈಡ್ ಏನೆಂಬುದನ್ನು ಆ ಕೆಮ್ಮು ನನ್ನ ಪಾಠಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಈ ಸಲ ಪ್ರಯೋಗ ಮುಗಿದ ಮೇಲೆ ಇನ್ನೂ ಹತ್ತು ನಿಮಿಷ ಉಳಿದಿತ್ತು. ಪುಸ್ತಕದಲ್ಲಿಲ್ಲದ ಒಂದು ಕಥೆ ಹೇಳೋಣವೆಂದು ಅಮೆರಿಕದವರು ಆಮ್ಲ ಮಳೆಯನ್ನು ಹೇಗೆ ತಗ್ಗಿಸಿದರು ಎಂಬುದನ್ನು ಎತ್ತಿಕೊಂಡೆ. ಅಲ್ಲಿ ಸರ್ಕಾರ ಹೊಗೆಗೆ ಚೀಟಿ ಹಂಚಿತು. ಒಂದು ಚೀಟಿಗೆ ಒಂದು ಟನ್ ಹೊಗೆ. ಕಡಿಮೆ ಹೊಗೆ ಬಿಟ್ಟವರು ಉಳಿದ ಚೀಟಿಯನ್ನು ಮಾರಬಹುದು, ಹೆಚ್ಚು ಬಿಟ್ಟವರು ಕೊಳ್ಳಬೇಕು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

‘ಅಂದ್ರ, ರೊಕ್ಕ ಇದ್ದವ್ರು ಹೊಗಿ ಬಿಡಬಹುದು ಅಂದಂಗಾತಲ್ರೀ ಸರ?’

ತರಗತಿ ನಕ್ಕಿತು. ‘ಹಂಗಲ್ಲಪಾ’ ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಗಂಟೆ ಬಾರಿಸಿತು. ಬಾರಿಸಿದ್ದು ನನ್ನ ಪುಣ್ಯ. ಏಕೆಂದರೆ ಹಂಗಲ್ಲ ಎಂದ ಮೇಲೆ ಹೇಗೆ ಎಂಬುದನ್ನು ಹೇಳಬೇಕಾಗುತ್ತಿತ್ತು, ಅದು ನನ್ನ ಬಳಿ ತಯಾರಿರಲಿಲ್ಲ. ಆ ಹುಡುಗನ ಮನೆ ಅಕ್ಕಿ ಗಿರಣಿಯ ಗೋಡೆಗೆ ಅಂಟಿಕೊಂಡಿದೆ ಎಂಬುದು ನನಗೆ ಗೊತ್ತಿತ್ತು. ಅವನು ತಮಾಷೆಗೆ ಕೇಳಿರಲಿಲ್ಲ.

ನಾನೂ ಒಂದು ಅಕ್ಕಿ ಗಿರಣಿಯ ನೆರಳಲ್ಲಿ ಬೆಳೆದವನೇ. ನಮ್ಮದು ತುಂಗಭದ್ರಾ ಕಾಲುವೆಯ ಸೀಮೆ. ನೀರು ಬಂದಲ್ಲಿ ಭತ್ತ, ಭತ್ತ ಬಂದಲ್ಲಿ ಗಿರಣಿ. ಕುಚ್ಚಲಕ್ಕಿಗೆ ಭತ್ತ ಬೇಯಿಸಲು ಉಗಿ ಬೇಕು, ಉಗಿಗೆ ಬಾಯ್ಲರ್, ಬಾಯ್ಲರ್ ಒಲೆಗೆ ಭತ್ತದ ಹೊಟ್ಟು. ನಮ್ಮ ಅಪ್ಪ ಅಂಥದೊಂದು ಒಲೆಯ ಮುಂದೆ ಇಪ್ಪತ್ತೆರಡು ವರ್ಷ ನಿಂತವರು. ಚಿಮಣಿಯ ಬಾಯಿ ನೋಡಿಯೇ ಒಲೆಯೊಳಗೆ ಏನು ನಡೆದಿದೆ ಎಂದು ಹೇಳುತ್ತಿದ್ದರು. ಕರಿ ಹೊಗೆ ಬಂದರೆ ಗಾಳಿ ಸಾಲದು, ಹೊಟ್ಟು ಅರೆಬರೆ ಸುಟ್ಟಿದೆ ಎಂದರ್ಥ. ಹೊಟ್ಟನ್ನು ಬುಟ್ಟಿಗಟ್ಟಲೆ ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಉಣಿಸಿದರೆ, ಗಾಳಿಯ ತಗಡನ್ನು ಹದವಾಗಿ ಸರಿಸಿದರೆ ಹೊಗೆ ತೆಳ್ಳಗಾಗುತ್ತದೆ. ಇದನ್ನು ಯಾವ ಪುಸ್ತಕವೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಾನು ಮುಂದೆ ಬಿ.ಎಸ್ಸಿ.ಯಲ್ಲಿ ಅಪೂರ್ಣ ದಹನ ಎಂದು ಓದಿದ್ದು ಅದನ್ನೇ.

ಆದರೆ ಹಾಗೆ ಸ್ವಲ್ಪ ಸ್ವಲ್ಪವಾಗಿ ಉಣಿಸಲು ಇನ್ನೊಂದು ಆಳು ಬೇಕು. ಒಮ್ಮೆ ಅಪ್ಪ ಸಾಹುಕಾರರ ಮುಂದೆ ಈ ಮಾತು ಎತ್ತಿದರಂತೆ. ‘ಹೊಟ್ಟು ಪುಕ್ಕಟೆ ಐತೋ ಮಾರಾಯ, ಆಳು ಪುಕ್ಕಟೆ ಅಲ್ಲ’ ಎಂದು ಅವರು ನಕ್ಕರಂತೆ. ಸಾಹುಕಾರರು ಕೆಟ್ಟವರೇನಲ್ಲ, ಲೆಕ್ಕ ಬಲ್ಲವರು. ಗಿರಣಿಯ ಹಿಂದೆ ಹೊಟ್ಟು ಗುಡ್ಡದಂತೆ ಬಿದ್ದಿರುತ್ತಿತ್ತು, ಕೇಳುವವರಿರಲಿಲ್ಲ. ಗಾಳಿಯಂತೂ ಯಾರಪ್ಪನದೂ ಅಲ್ಲ.

ಅವ್ವ ಮಾಳಿಗೆಯ ಮೇಲೆ ಸಂಡಿಗೆ ಇಟ್ಟರೆ ಸಂಜೆಗೆ ಎಳ್ಳು ಉದುರಿಸಿದಂತೆ ಬೂದಿ ಕೂತಿರುತ್ತಿತ್ತು. 1983ರ ಸುಮಾರಿಗೆ, ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಓಣಿಯವರೆಲ್ಲ ಸೇರಿ ಅರ್ಜಿ ಕೊಟ್ಟರು. ಮೇಲಿನಿಂದ ಯಾರೋ ಬಂದರು, ನೋಡಿದರು, ಚಹಾ ಕುಡಿದರು, ಚಿಮಣಿ ಎತ್ತರಿಸಬೇಕೆಂದು ಬರೆದು ಹೋದರು. ಚಿಮಣಿ ಇಪ್ಪತ್ತು ಅಡಿ ಮೇಲೇರಿತು. ಅವ್ವನ ಸಂಡಿಗೆ ಬೆಳ್ಳಗಾಯಿತು. ಕಾಲುವೆಯಾಚೆ ಒಂದು ಕ್ಯಾಂಪ್ ಇತ್ತು. ಮರುವರ್ಷ ಅಲ್ಲಿಯವರು ಅರ್ಜಿ ಹಿಡಿದುಕೊಂಡು ಬಂದರು.

ಈ ಚಿಮಣಿಯ ಕಥೆ ನಮ್ಮೂರಿನದು ಮಾತ್ರ ಎಂದು ನಾನು ಬಹಳ ಕಾಲ ತಿಳಿದಿದ್ದೆ. ದೊಡ್ಡ ದೊಡ್ಡ ದೇಶಗಳೂ ಅದನ್ನೇ ಮಾಡಿದ್ದವು. ಅಮೆರಿಕದಲ್ಲಿ 1970ರಲ್ಲಿ ಶುದ್ಧ ಗಾಳಿಯ ಬಿಗಿಯಾದ ಕಾಯ್ದೆ ಬಂತು. ಸ್ಥಳದ ಗಾಳಿಯಲ್ಲಿ ಗಂಧಕ ಇಷ್ಟೇ ಇರಬೇಕು ಎಂದಾಗ ಹಲವು ವಿದ್ಯುತ್ ಕಂಪನಿಗಳು ಹಿಡಿದ ಸುಲಭದ ದಾರಿ, ಚಿಮಣಿ ಎತ್ತರಿಸುವುದು. 500 ಅಡಿ ಮೀರಿದ ಚಿಮಣಿಗಳು ಎದ್ದವು. ಕೆನಡಾದ ಸಡ್ಬರಿಯಲ್ಲಿ ನಿಕ್ಕಲ್ ಕಾರ್ಖಾನೆಯೊಂದು 1972ರಲ್ಲಿ ಕಟ್ಟಿ ಮುಗಿಸಿದ ಚಿಮಣಿಯ ಎತ್ತರ 381 ಮೀಟರ್. ಊರಿನ ಗಾಳಿ ತಿಳಿಯಾಯಿತು. ಹೊಗೆ ನೂರಾರು ಮೈಲಿ ತೇಲಿಹೋಗಿ, ದಾರಿಯಲ್ಲಿ ನೀರು ಆಮ್ಲಜನಕಗಳೊಡನೆ ಬೆರೆತು ಗಂಧಕಾಮ್ಲವಾಗಿ, ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಸರೋವರಗಳಲ್ಲಿ ಮಳೆಯಾಗಿ ಬಿತ್ತು. ಮೀನುಗಳು ಸತ್ತವು. ನಮ್ಮ ಕಾಲುವೆಯಾಚೆಯ ಕ್ಯಾಂಪಿನಂತೆಯೇ.

1977ರಲ್ಲಿ ಕಾಯ್ದೆ ಇನ್ನಷ್ಟು ಬಿಗಿಯಾಯಿತು. ಹೊಸದಾಗಿ ಕಟ್ಟುವ ಕಲ್ಲಿದ್ದಲು ಸ್ಥಾವರಗಳು ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚಿರಲಿ ಕಡಿಮೆಯಿರಲಿ, ಹೊಗೆಯಿಂದ ಅದರ ಇಂತಿಷ್ಟು ಪಾಲನ್ನು ತೆಗೆಯಲೇಬೇಕು ಎಂದಾಯಿತು. ಅಂದರೆ ‘ಸ್ಕ್ರಬ್ಬರ್’ ಎಂಬ ಹೊಗೆ ತೊಳೆಯುವ ಯಂತ್ರ ಕೂರಿಸಲೇಬೇಕು. ವಿದ್ಯಾರ್ಥಿಗಳಿಗೆ ಇದರ ರಸಾಯನಶಾಸ್ತ್ರ ಸುಲಭ: ಸುಣ್ಣದ ಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಏರಿ ಬರುವ ಹೊಗೆಯ ಮೇಲೆ ತುಂತುರಾಗಿ ಸುರಿಸುವುದು; ಗಂಧಕದ ಡೈಆಕ್ಸೈಡ್ ಸುಣ್ಣದೊಡನೆ ಕೂಡಿ ಕೊನೆಗೆ ಜಿಪ್ಸಂ ಆಗಿ ಕೆಳಗೆ ಕೂರುತ್ತದೆ. ಯಂತ್ರ ಒಳ್ಳೆಯದೇ. ತೊಡಕಿದ್ದದ್ದು ಬೇರೆ ಕಡೆ. ಹೇಳಿದಷ್ಟು ಪಾಲು ತೆಗೆದ ಮೇಲೆ ಒಂದು ಕಿಲೊ ಹೆಚ್ಚು ತೆಗೆದರೂ ಕಂಪನಿಗೆ ಮೂರು ಕಾಸಿನ ಲಾಭವಿಲ್ಲ. ಹೆಚ್ಚು ತೆಗೆಯಬಹುದು ಎಂದು ತೋರಿಸಿಕೊಟ್ಟರೆ ಮುಂದಿನ ವರ್ಷ ಮಿತಿಯನ್ನೇ ಬಿಗಿಗೊಳಿಸಿಯಾರು ಎಂಬ ಅಂಜಿಕೆ ಬೇರೆ. ಪರೀಕ್ಷೆಯಲ್ಲಿ 35 ಬಂದರೂ ಪಾಸು, 90 ಬಂದರೂ ಪಾಸು, ಎರಡಕ್ಕೂ ಒಂದೇ ಬೆಲೆ ಎಂದರೆ ನಮ್ಮ ಮಕ್ಕಳು ಎಷ್ಟು ಓದುತ್ತಾರೆ? ಪೋಷಕರೇ ಹೇಳಬೇಕು.

1990ರ ನವೆಂಬರ್ 15ರಂದು ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯರು) ಸಹಿ ಹಾಕಿದ ತಿದ್ದುಪಡಿ ದಾರಿಯನ್ನೇ ಬದಲಿಸಿತು. ಯಾವ ಯಂತ್ರ, ಯಾವ ಕಲ್ಲಿದ್ದಲು, ಎಷ್ಟೆತ್ತರದ ಚಿಮಣಿ ಎಂದು ಕೇಳುವುದನ್ನು ಬಿಟ್ಟು, ದೇಶದ ವಿದ್ಯುತ್ ಸ್ಥಾವರಗಳೆಲ್ಲ ಸೇರಿ ವರ್ಷಕ್ಕೆ ಕೊನೆಗೆ 89 ಲಕ್ಷ 50 ಸಾವಿರ ಟನ್ ಮಾತ್ರ ಎಂದು ಮಿತಿ ಹಾಕಿತು. (ಅಮೆರಿಕದ ಟನ್ ನಮ್ಮದಕ್ಕಿಂತ ಸಣ್ಣದು, 907 ಕಿಲೊ.) ಆ ಲೆಕ್ಕದಂತೆ ಚೀಟಿಗಳು. ಅವುಗಳಲ್ಲಿ ಬಹುಪಾಲು ಹಳೆಯ ಇಂಧನ ಬಳಕೆಯ ಆಧಾರದ ಮೇಲೆ ಪುಕ್ಕಟೆ ಹಂಚಿಕೆ. ಸ್ವಲ್ಪ ಪಾಲು 1993ರಿಂದ ಷಿಕಾಗೊದಲ್ಲಿ ಹರಾಜು. 1995ರಲ್ಲಿ ಮೊದಲ ಹಂತವಾಗಿ 110 ದೊಡ್ಡ ಸ್ಥಾವರಗಳು ಒಳಗೆ ಬಂದವು, 2000ದಲ್ಲಿ ಉಳಿದವು. ಚೀಟಿಯಿಲ್ಲದೆ ಬಿಟ್ಟ ಪ್ರತಿ ಟನ್ನಿಗೆ 2000 ಡಾಲರ್ ದಂಡ, ಅದೂ ಬೆಲೆಯೇರಿಕೆಯೊಂದಿಗೆ ಏರುವಂಥದು. ಯಾರ ಮನೆ ಬಾಗಿಲಿಗೂ ಹೋಗಿ ಚಹಾ ಕುಡಿಯುವ ಅಗತ್ಯವಿಲ್ಲ.

ಮರುದಿನ ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಮಾಡಿದ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ಎರಡು ಗಿರಣಿಗಳು ದಿನಕ್ಕೆ ತಲಾ 100 ಕಿಲೊ ಬೂದಿಯನ್ನು ಗಾಳಿಗೆ ತೂರುತ್ತವೆ ಎಂದಿಟ್ಟುಕೊಳ್ಳಿ. ಹೊಸ ಗಿರಣಿಗೆ ಒಂದು ಕಿಲೊ ತಡೆಯಲು 10 ರೂಪಾಯಿ ಖರ್ಚು, ಹಳೆಯದಕ್ಕೆ 40 ರೂಪಾಯಿ. ಇಬ್ಬರೂ 40 ಕಿಲೊ ತಡೆಯಲೇಬೇಕು ಎಂದು ಆಜ್ಞೆ ಹೊರಡಿಸಿದರೆ ಒಬ್ಬರಿಗೆ 400, ಇನ್ನೊಬ್ಬರಿಗೆ 1600, ಒಟ್ಟು 2000 ರೂಪಾಯಿ ಖರ್ಚಾಗಿ 80 ಕಿಲೊ ನಿಲ್ಲುತ್ತದೆ. ಅದರ ಬದಲು ಇಬ್ಬರಿಗೂ 60 ಕಿಲೊ ಚೀಟಿ ಕೊಟ್ಟು ಸುಮ್ಮನಿದ್ದರೆ? ಹೊಸ ಗಿರಣಿ 70 ಕಿಲೊ ತಡೆದು, ಉಳಿದ 30 ಕಿಲೊ ಚೀಟಿಯನ್ನು ಕಿಲೊಗೆ 25ರಂತೆ ಹಳೆಯದಕ್ಕೆ ಮಾರುತ್ತದೆ. ಹಳೆಯದು 10 ಕಿಲೊ ಮಾತ್ರ ತಡೆಯುತ್ತದೆ. ನಿಂತದ್ದು ಅದೇ 80 ಕಿಲೊ. ಖರ್ಚು 700 ಮತ್ತು 400, ಒಟ್ಟು 1100. ಚೀಟಿಗೆ ಕೊಟ್ಟ 750 ರೂಪಾಯಿ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಯಿತು, ಅಷ್ಟೆ. ಕೂಡಿಸಿ ಕಳೆದು ನೋಡಿ, ಇಬ್ಬರಿಗೂ 450 ರೂಪಾಯಿ ಉಳಿದಿದೆ.

ಲೆಕ್ಕ ಇಲ್ಲಿಗೇ ನಿಂತರೆ ಅದು ಜಾಣ ವ್ಯಾಪಾರ ಮಾತ್ರ. ಹಳೆಯ ಗಿರಣಿಯ ಸಾಹುಕಾರರು ಆ ರಾತ್ರಿ ಏನು ಯೋಚಿಸುತ್ತಾರೆ ಎಂಬುದು ನನಗೆ ಹೆಚ್ಚು ಮುಖ್ಯ. ಪ್ರತಿ ಕಿಲೊಗೆ 25 ರೂಪಾಯಿ ಕೈಬಿಡುತ್ತಿದೆ. 24 ರೂಪಾಯಿಯಲ್ಲಿ ತಡೆಯುವ ಉಪಾಯ ಯಾರಾದರೂ ಹೇಳಿದರೆ ಕೇಳಲು ಅವರು ಈಗ ತಯಾರು. ಒಲೆಯ ಮುಂದೆ ನಿಂತವನನ್ನು ಕರೆದು ಕೇಳಿದರೂ ಕೇಳಿಯಾರು.

ಅಮೆರಿಕದಲ್ಲಿ ಆದದ್ದು ಹೆಚ್ಚುಕಡಿಮೆ ಹೀಗೇ. ಹೊಸ ಬಗೆಯ ಅದ್ಭುತ ಯಂತ್ರವೊಂದು ಹುಟ್ಟೀತು ಎಂದು ಕಾದವರಿಗೆ ನಿರಾಸೆಯಾಯಿತು. ಹುಟ್ಟಿದ್ದೆಲ್ಲ ಸಣ್ಣ ಸಣ್ಣ ಜಾಣತನಗಳು. ವಯೋಮಿಂಗ್ ರಾಜ್ಯದ ಪೌಡರ್ ರಿವರ್ ಕಣಿವೆಯಲ್ಲಿ ಗಂಧಕ ಕಡಿಮೆಯಿರುವ ಕಲ್ಲಿದ್ದಲು ಬೇಕಾದಷ್ಟಿತ್ತು. ಪೂರ್ವದ ಬಾಯ್ಲರುಗಳಿಗೆ ಅದು ಒಗ್ಗುವುದಿಲ್ಲ ಎಂದು ಇಂಜಿನಿಯರುಗಳು ನಂಬಿದ್ದರು. ಅದನ್ನು ಸುಟ್ಟರೆ ಚೀಟಿಯ ದುಡ್ಡು ಉಳಿಯುತ್ತದೆ ಎಂದಾದಾಗ ಸ್ವಲ್ಪ ಸ್ವಲ್ಪ ಬೆರೆಸಿ ಸುಟ್ಟು ನೋಡಿದರು. ಅಲ್ಪಸ್ವಲ್ಪ ಮಾರ್ಪಾಡಿನಿಂದಲೇ ಒಗ್ಗಿತು! ಅದನ್ನು ಸಾವಿರ ಮೈಲಿ ಸಾಗಿಸುವ ರೈಲ್ವೆ ಕಂಪನಿಗಳು ಪೈಪೋಟಿಯಿಂದ ಬಾಡಿಗೆ ಇಳಿಸಿದವು. (1980ರಲ್ಲೇ ರೈಲ್ವೆಯ ಮೇಲಿನ ಕಟ್ಟುಪಾಡುಗಳನ್ನು ಸಡಿಲಿಸಿದ್ದರಿಂದ ಬಾಡಿಗೆ ಆಗಲೇ ಇಳಿಯತೊಡಗಿತ್ತು, ಪುಣ್ಯವೆಲ್ಲ ಚೀಟಿಗೇ ಸಲ್ಲದು.) ಹಿಂದೆ ಸ್ಕ್ರಬ್ಬರಿಗೆ, ಲಾರಿಗೆ ಸ್ಟೆಪ್ನಿ ಇಟ್ಟಂತೆ, ಒಂದು ಘಟಕವನ್ನು ಹೆಚ್ಚುವರಿಯಾಗಿ ಕಟ್ಟಬೇಕಾಗಿತ್ತು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಈಗ ಕೆಟ್ಟ ದಿನಗಳ ಮಟ್ಟಿಗೆ ಚೀಟಿ ಕೊಂಡರಾಯಿತಲ್ಲ? ಸ್ಟೆಪ್ನಿಯನ್ನು ಕೈಬಿಟ್ಟರು, ಸ್ಕ್ರಬ್ಬರಿನ ಬೆಲೆಯೇ ಇಳಿಯಿತು.

ಕಾಯ್ದೆ ಮಾಡುವಾಗ ನೇರ ಮಾರಾಟಕ್ಕೆಂದು ಸರ್ಕಾರವೇ ಬರೆದಿಟ್ಟ ದರ ಟನ್ನಿಗೆ 1500 ಡಾಲರ್. 1996ರ ಹೊತ್ತಿಗೆ ಪೇಟೆಯಲ್ಲಿ ಚೀಟಿ 100 ಡಾಲರಿಗಿಂತ ಕೆಳಗೆ ಸಿಗುತ್ತಿತ್ತು. 1990ರಲ್ಲಿ ಸುಮಾರು 1 ಕೋಟಿ 57 ಲಕ್ಷ ಟನ್ ಇದ್ದ ಗಂಧಕದ ಡೈಆಕ್ಸೈಡ್ 2007ರಲ್ಲಿ 89 ಲಕ್ಷಕ್ಕೆ ಇಳಿಯಿತು, ಗಡುವಿಗೆ ಮೂರು ವರ್ಷ ಮೊದಲೇ.

ಇದೆಲ್ಲ ‘ಆವಿಷ್ಕಾರ’ವೇ ಎಂಬ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಡೇವಿಡ್ ಪಾಪ್ ಎಂಬ ಅರ್ಥಶಾಸ್ತ್ರಜ್ಞರು ಸ್ಕ್ರಬ್ಬರಿನ ಪೇಟೆಂಟುಗಳನ್ನು ಕೂಲಂಕಷವಾಗಿ ನೋಡಿ 2003ರಲ್ಲಿ ಹೀಗೆಂದರು: 1990ಕ್ಕೆ ಮೊದಲು ಪಡೆದ ಪೇಟೆಂಟುಗಳು ಯಂತ್ರವನ್ನು ಅಗ್ಗ ಮಾಡಿದವೇ ಹೊರತು ಹೆಚ್ಚು ಗಂಧಕ ತೆಗೆಯುವಂತೆ ಮಾಡಲಿಲ್ಲ, ಆಮೇಲಿನವು ತೆಗೆಯುವ ಶಕ್ತಿಯನ್ನೇ ಹೆಚ್ಚಿಸಿದವು. ನನಗೆ ಇದು ಬಹಳ ಹಿಡಿಸಿತು, 35 ಅಂಕಕ್ಕೂ 90 ಅಂಕಕ್ಕೂ ಬೇರೆ ಬೇರೆ ಬೆಲೆ ಬಂದಂತೆ. ಆದರೆ ಮಾರ್ಗರೆಟ್ ಟೇಲರ್ ಎಂಬ ಸಂಶೋಧಕಿ 2012ರಲ್ಲಿ ಇನ್ನೊಂದು ಮುಖ ತೋರಿಸಿದರು. ಚೀಟಿಯ ಬೆಲೆ ಎಣಿಸಿದ್ದಕ್ಕಿಂತ ಬಹಳ ಕೆಳಗೆ ಬಂದದ್ದರಿಂದ ಹೊಸ ತಂತ್ರ ಹುಡುಕುವ ಉತ್ಸಾಹವೂ ಇಳಿಯಿತು, ಪೇಟೆಂಟುಗಳ ಸಂಖ್ಯೆಯೇ ಕುಸಿಯಿತು ಎಂದು.

ಇಬ್ಬರೂ ಸರಿ ಎಂದು ನನಗನ್ನಿಸುತ್ತದೆ. ಒಬ್ಬರು ಯಾವ ಬಗೆಯ ಹುಡುಕಾಟ ಎಂದು ಕೇಳಿದರು, ಇನ್ನೊಬ್ಬರು ಎಷ್ಟು ಹುಡುಕಾಟ ಎಂದು ಕೇಳಿದರು. ಪೇಟೆ ತನಗೆ ಅಗ್ಗವಾಗಿ ಸಿಕ್ಕ ಉಪಾಯವನ್ನು ಮೊದಲು ಎತ್ತಿಕೊಳ್ಳುತ್ತದೆ, ಸಿಕ್ಕ ಮೇಲೆ ಹುಡುಕುವುದನ್ನು ನಿಲ್ಲಿಸುತ್ತದೆ. ಹತ್ತು ವರ್ಷದ ಆಚೆ ಬೇಕಾಗುವ ಯಂತ್ರಕ್ಕೆ ಇಂದು ದುಡ್ಡು ಸುರಿಯಬೇಕಾದರೆ ಮಿತಿ ಇನ್ನೂ ಬಿಗಿಯಾಗುತ್ತದೆ ಎಂಬ ಖಾತರಿ ಬೇಕು. ಒಂದು ತಕರಾರು ಮಾತ್ರ ನನ್ನದೂ ಇದೆ. ಪೇಟೆಂಟ್ ಎಣಿಸಿದರೆ ಕಲ್ಲಿದ್ದಲು ಬೆರೆಸಿ ಸುಟ್ಟವರ ಜಾಣತನ ಎಣಿಕೆಗೆ ಸಿಗುವುದಿಲ್ಲ. ಗಾಳಿಯ ತಗಡನ್ನು ಎರಡು ಬೆರಳು ಸರಿಸಿದ್ದಕ್ಕೆ ನಮ್ಮ ಅಪ್ಪನಿಗೆ ಯಾರು ಪೇಟೆಂಟ್ ಕೊಡುತ್ತಿದ್ದರು?

ಸ್ವೀಡನ್ನಿನಲ್ಲಿ ಕೊಟ್ಟರು ಎನ್ನಬೇಕು. 1992ರಲ್ಲಿ ಅಲ್ಲಿನ ಸರ್ಕಾರ ದೊಡ್ಡ ಬಾಯ್ಲರುಗಳು ಬಿಡುವ ನೈಟ್ರೋಜನ್ ಆಕ್ಸೈಡುಗಳಿಗೆ ಕಿಲೊಗೆ 40 ಕ್ರೋನರ್ ಶುಲ್ಕ ಹಾಕಿತು. ವಸೂಲಾದ ಹಣವನ್ನು ಖಜಾನೆಗೆ ಹಾಕಿಕೊಳ್ಳಲಿಲ್ಲ; ಯಾರು ಎಷ್ಟು ಶಕ್ತಿ ಉತ್ಪಾದಿಸಿದರೋ ಆ ಪ್ರಮಾಣದಲ್ಲಿ ಅದೇ ಕಂಪನಿಗಳಿಗೆ ಮರಳಿ ಹಂಚಿತು. ಕಡಿಮೆ ಹೊಗೆಯಲ್ಲಿ ಹೆಚ್ಚು ಶಾಖ ತೆಗೆದವರು ಕೊಟ್ಟದ್ದಕ್ಕಿಂತ ಹೆಚ್ಚು ಪಡೆದರು. ಈ ಆಕ್ಸೈಡುಗಳು ಉಂಟಾಗುವುದು ಉರಿಯ ಉಷ್ಣತೆ ಮತ್ತು ಗಾಳಿಯ ಹದದ ಮೇಲೆ. ಹೊಗೆಯನ್ನು ಎಡೆಬಿಡದೆ ಅಳೆಯುವ ಮೀಟರ್ ಕಣ್ಣೆದುರು ಬಂದದ್ದೇ, ಒಲೆ ನಡೆಸುವವರು ಗಾಳಿಯನ್ನು ಹೀಗೆ ಬಿಟ್ಟು ನೋಡಿ, ಹಾಗೆ ಬಿಟ್ಟು ನೋಡಿ ಹದ ಕಂಡುಕೊಂಡರು. ಹಲವು ಕಡೆ ಖರ್ಚೇ ಇಲ್ಲದೆ ಹೊಗೆ ಇಳಿಯಿತು. ಸುಮಾರು ಹದಿನೈದು ವರ್ಷದಲ್ಲಿ, ಅಷ್ಟೇ ಶಕ್ತಿಗೆ ಹೊರಬೀಳುವ ಆಕ್ಸೈಡ್ ಹೆಚ್ಚುಕಡಿಮೆ ಅರ್ಧವಾಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬೇಗ ಬರಲಿಲ್ಲ. ಅಪ್ಪ ಕೊನೆಯ ಆರು ವರ್ಷ ಕೂತೇ ನಿದ್ದೆ ಮಾಡಿದರು, ಮಲಗಿದರೆ ಕೆಮ್ಮು ಬರುತ್ತಿತ್ತು.

ನಮ್ಮ ದೇಶಕ್ಕೆ ಇದು ಒಗ್ಗೀತೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅವರು ಸಮಾಜ ವಿಜ್ಞಾನದವರು, ಬಿ.ಎಸ್ಸಿ. ಬಿ.ಎಡ್. ಮೇಷ್ಟರಿಗೆ ಅರ್ಥಶಾಸ್ತ್ರದ ಉಸಾಬರಿ ಏಕೆ ಎಂಬುದು ಅವರ ನಿಜವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ, ಇದು ಅರ್ಥಶಾಸ್ತ್ರಕ್ಕಿಂತ ಮೊದಲು ಅಳತೆಯ ವಿಷಯ. ಗುಜರಾತಿನಲ್ಲಿ ಕಾರ್ಖಾನೆಗಳ ಹೊಗೆ ಅಳೆಯಲು ಖಾಸಗಿ ಲೆಕ್ಕಪರಿಶೋಧಕರಿದ್ದರು. ಅವರನ್ನು ಆರಿಸುವುದೂ ಕಾರ್ಖಾನೆಯೇ, ಸಂಬಳ ಕೊಡುವುದೂ ಕಾರ್ಖಾನೆಯೇ. ಅವರ ವರದಿಗಳಲ್ಲಿ ಬಹಳಷ್ಟು ಅಂಕಿಗಳು ಕಾನೂನಿನ ಮಿತಿಗಿಂತ ಕೂದಲೆಳೆಯಷ್ಟು ಕೆಳಗೆ ಬಂದು ನಿಲ್ಲುತ್ತಿದ್ದವು! ಪರಿಶೋಧಕರನ್ನು ಚೀಟಿ ಎತ್ತಿ ನೇಮಿಸಿ, ಒಂದು ಸಾಮಾನ್ಯ ನಿಧಿಯಿಂದ ಸಂಬಳ ಕೊಟ್ಟು, ಅಲ್ಲಲ್ಲಿ ಮರು ಅಳತೆ ಮಾಡಿಸಿದಾಗ ನಿಜವಾದ ಅಂಕಿಗಳು ಬಂದವು, ಹೊಗೆಯೂ ಇಳಿಯಿತು. ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮಾಡಿದ ಈ ಪ್ರಯೋಗ 2013ರಲ್ಲಿ ಪ್ರಕಟವಾಗಿದೆ.

ಅದೇ ಗುಜರಾತಿನ ಸೂರತ್‌ನಲ್ಲಿ 2019ರಲ್ಲಿ ಹೊಗೆಯ ಚೀಟಿಯ ಪೇಟೆಯೇ ಶುರುವಾಯಿತು. ಇಲ್ಲಿ ಗಂಧಕದ ಬದಲು ಹೊಗೆಯೊಂದಿಗೆ ಹಾರುವ ಸಣ್ಣ ಕಣಗಳ ಲೆಕ್ಕ. ಸುಮಾರು 300 ಕಾರ್ಖಾನೆಗಳು, ಹೆಚ್ಚಿನವು ಬಟ್ಟೆಗೆ ಬಣ್ಣ ಹಾಕುವ, ಅಚ್ಚು ಒತ್ತುವ ಗಿರಣಿಗಳು. ನಮ್ಮಲ್ಲಿಯಂತೆಯೇ ಉಗಿಗಾಗಿ ಬಾಯ್ಲರ್. ಎಲ್ಲ ಚಿಮಣಿಗಳಿಗೂ ಸದಾ ಅಳೆಯುವ ಯಂತ್ರ ಕೂರಿಸಿ, ಲಾಟರಿ ಎತ್ತಿ ಸುಮಾರು ಅರ್ಧದಷ್ಟನ್ನು ಚೀಟಿಯ ಪೇಟೆಗೆ ಸೇರಿಸಿದರು, ಉಳಿದವು ಹಳೆಯ ಆಜ್ಞೆಯ ಪದ್ಧತಿಯಲ್ಲೇ ಉಳಿದವು. ವಿಜ್ಞಾನದ ಮೇಷ್ಟರು ಮೆಚ್ಚುವಂಥ ಪ್ರಯೋಗ. ಮೈಕಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್, ಅನಂತ ಸುದರ್ಶನ್ ಅವರು 2025ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಪೇಟೆಗೆ ಸೇರಿದ ಕಾರ್ಖಾನೆಗಳ ಕಣಗಳು ಶೇಕಡಾ 20ರಿಂದ 30ರಷ್ಟು ಇಳಿದವು. ಒಂದು ಕಿಲೊ ತಡೆಯುವ ಖರ್ಚೂ ಶೇಕಡಾ 10ಕ್ಕಿಂತ ಹೆಚ್ಚು ಇಳಿಯಿತು. ಹೊಗೆ ತಡೆಯುವ ಸಾಧನಗಳು ಬಹಳಷ್ಟು ಕಡೆ ಮೊದಲೇ ಇದ್ದವು ಎಂಬುದನ್ನು ಗಮನಿಸಬೇಕು. ಇದ್ದದ್ದನ್ನು ಸರಿಯಾಗಿ ನಡೆಸಲು ಒಂದು ಕಾರಣ ಬೇಕಾಗಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಚಿತ್ರವನ್ನೂ ಇಡುತ್ತೇನೆ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ನಮ್ಮ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಗಂಧಕದ ಮಿತಿ ಹಾಕಿತು. ಎರಡು ವರ್ಷದ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಸ್ಕ್ರಬ್ಬರಿನ ಅಗತ್ಯವೇ ಇಲ್ಲ ಎಂದಾಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬ ವಾದವಿದೆ, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಮೊದಲೇ ದುಡ್ಡು ಹಾಕಿ ಯಂತ್ರ ಕೂರಿಸಿದವರು ಪೆದ್ದರಾದರು, ಕಾದು ಕುಳಿತವರು ಜಾಣರಾದರು. ಮುಂದಿನ ಸಲ ಮಿತಿ ಹಾಕಿದಾಗ ಯಾರು ಮೊದಲು ಓಡುತ್ತಾರೆ?

ಇನ್ನು ಆ ಹುಡುಗನ ಪ್ರಶ್ನೆಗೆ ಬರಬೇಕು. ರೊಕ್ಕ ಇದ್ದವರು ಹೊಗೆ ಬಿಡಬಹುದೇ? ಬಿಡಬಹುದು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಒಟ್ಟು ಮೊತ್ತಕ್ಕೆ ಮಿತಿ ಇದೆಯೇ ಹೊರತು, ಒಂದು ಚಿಮಣಿ ಹೆಚ್ಚು ಬಿಡುವುದನ್ನು ಚೀಟಿ ತಡೆಯುವುದಿಲ್ಲ. ಚೀಟಿಗೆ ಟನ್ ಗೊತ್ತು, ಓಣಿ ಗೊತ್ತಿಲ್ಲ. ಅಮೆರಿಕದ ಈ ಪೇಟೆಯ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನ, ಕೊಡುಕೊಳ್ಳುವಿಕೆಯ ದೆಸೆಯಿಂದ ಹೊಗೆಯ ಒಂದು ಪಾಲು ಜನವಸತಿ ಹೆಚ್ಚಿರುವ ಕಡೆಗೆ ಸರಿದು ಅಲ್ಲಿ ಆರೋಗ್ಯದ ಹಾನಿ ಹೆಚ್ಚಾಯಿತು ಎಂದು ಲೆಕ್ಕ ಹಾಕಿ ತೋರಿಸಿದೆ. ಒಟ್ಟಾರೆ ಹೊಗೆ ಇಳಿದದ್ದೂ ನಿಜ, ಇದೂ ನಿಜ. ಆ ಪೇಟೆಗೆ ಕೊನೆಗೇನಾಯಿತು ಎಂಬುದನ್ನೂ ಹೇಳಬೇಕು. ಮಿತಿಯನ್ನು ಇನ್ನಷ್ಟು ಬಿಗಿಗೊಳಿಸುವ ನಿಯಮ 2005ರಲ್ಲಿ ಬಂದಾಗ ಚೀಟಿಯ ಬೆಲೆ 1500 ಡಾಲರ್ ದಾಟಿತು. 2008ರಲ್ಲಿ ನ್ಯಾಯಾಲಯ ಆ ನಿಯಮವನ್ನು ಒಪ್ಪಲಿಲ್ಲ. ಬೆಲೆ ಜಾರುತ್ತಾ ಹೋಗಿ 2012ರ ಹರಾಜಿನಲ್ಲಿ ಒಂದು ಡಾಲರಿಗೂ ಕೆಳಗಿಳಿಯಿತು. ಆಮೇಲೆ ಅಲ್ಲಿ ಹೊಗೆ ಇನ್ನೂ ಇಳಿದದ್ದು ಬೇರೆ ಕಟ್ಟುಪಾಡುಗಳಿಂದ ಮತ್ತು ಕಲ್ಲಿದ್ದಲಿನ ಜಾಗಕ್ಕೆ ಅಗ್ಗದ ನೈಸರ್ಗಿಕ ಅನಿಲ ಬಂದದ್ದರಿಂದ. ಒಂದು ಡಾಲರಿನ ಚೀಟಿಗೆ ಹೆದರಿ ಯಾರೂ ಹೊಸದನ್ನು ಹುಡುಕಲಾರರು.

ಇಷ್ಟನ್ನೂ ತರಗತಿಯಲ್ಲಿ ಹೇಳಿದೆ. ಹುಡುಗ ಒಪ್ಪಿದಂತೆ ಕಾಣಲಿಲ್ಲ. ಆಗ ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್ ಎಂಬ ಊರಿನ ಮಕ್ಕಳ ಕಥೆ ಹೇಳಿದೆ. 1990ರ ದಶಕದಲ್ಲಿ ಅಲ್ಲಿನ ಆರನೆಯ ತರಗತಿಯ ಮಕ್ಕಳು ಚಂದಾ ಎತ್ತಿ, ಸರ್ಕಾರದ ಹರಾಜಿನಲ್ಲಿ ಕೆಲವು ಟನ್ ಚೀಟಿಗಳನ್ನು ತಾವೇ ಕೊಂಡು, ಯಾರಿಗೂ ಮಾರದೆ ಇಟ್ಟುಬಿಟ್ಟರು. ಅಷ್ಟು ಟನ್ ಹೊಗೆ ಯಾವ ಚಿಮಣಿಯಿಂದಲೂ ಬರದಂತಾಯಿತು. ತರಗತಿ ಚಪ್ಪಾಳೆ ತಟ್ಟಿತು. ‘ನಮ್ಮ ಕಡೆ ಚೀಟಿನೂ ಇಲ್ಲ, ಅಳತಿನೂ ಇಲ್ರೀ ಸರ’ ಎಂದ ಅವನು.

ಅಳತೆಯ ಮಾತು ಅವನ ಬಾಯಿಂದಲೇ ಬಂದದ್ದು ನನಗೆ ಸಿಕ್ಕ ಅವಕಾಶ. ಬಿಳಿ ಡ್ರಾಯಿಂಗ್ ಹಾಳೆಯಿಂದ ಎಂಟು ಕಾರ್ಡು ಕತ್ತರಿಸಿ, ತೆಳ್ಳಗೆ ವ್ಯಾಸಲೀನ್ ಸವರಿ, ಎಂಟು ಮಕ್ಕಳಿಗೆ ಕೊಟ್ಟೆ. ಮಾಳಿಗೆಯ ಮೇಲೆ, ಮಳೆ ಬೀಳದ ಕಡೆ, ಏಳು ದಿನ ಇಡಬೇಕು. ಆಮೇಲೆ ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಕಪ್ಪು ಚುಕ್ಕೆ ಎಂದು ಭೂತಗನ್ನಡಿಯಲ್ಲಿ ಎಣಿಸುವುದು. ಈಗ ಭತ್ತದ ಹೊಟ್ಟಿಗೂ ಬೆಲೆ ಬಂದಿದೆ, ಇಟ್ಟಿಗೆ ಗೂಡಿಗೆ, ಬೇರೆ ಬಾಯ್ಲರುಗಳಿಗೆ ಲಾರಿಯಲ್ಲಿ ಹೋಗುತ್ತದೆ. ಗಿರಣಿಯವರು ಮೊದಲಿನಂತೆ ಅರೆಬರೆ ಸುಟ್ಟು ಹಾಳುಮಾಡುವುದಿಲ್ಲ. ಹಾಗಾಗಿ ನಮ್ಮ ಕಾಲದಷ್ಟು ಬೂದಿ ಇರಲಾರದು ಎಂದು ನನ್ನ ಊಹೆ. ಊಹೆ ಮಾತ್ರ.

ಕಳೆದ ಸೋಮವಾರ ಏಳು ಕಾರ್ಡು ಬಂದವು. ಕಾಲುವೆ ಪಕ್ಕದ್ದರಲ್ಲಿ 4 ಚುಕ್ಕೆ, ಬಸ್ ಸ್ಟ್ಯಾಂಡ್ ಹತ್ತಿರದ್ದರಲ್ಲಿ 19, ಹೀಗೆ. ಎಂಟನೆಯದು, ಗಿರಣಿಯ ಗೋಡೆಯ ಪಕ್ಕದ ಮನೆಯದು, ಬರಲಿಲ್ಲ. ಆ ಹುಡುಗ ತಲೆ ಕೆಳಗೆ ಹಾಕಿ ನಿಂತಿದ್ದ.

‘ನಮ್ಮಜ್ಜಿ ಒರಸಿಬಿಟ್ಟಾಳ್ರೀ ಸರ. ಬಂದವ್ರು ನೋಡಿದ್ರ ಮನಿ ಮರ್ಯಾದಿ ಹೋಗತೈತಿ ಅಂತ.’

ಇನ್ನೊಂದು ಕಾರ್ಡು ಕೊಟ್ಟು ಕಳಿಸಿದ್ದೇನೆ. ಈ ಸಲ ಅಜ್ಜಿಗೆ ಕೈ ಎಟುಕದ ಕಡೆ, ನೀರಿನ ಟ್ಯಾಂಕಿನ ಮೇಲೆ ಇಡುತ್ತೇನೆ ಎಂದು ಹೇಳಿದ್ದಾನೆ.